ಮರೆವೆಲ್ಲ ಮುಪ್ಪಲ್ಲ

ಭಾಲ್ಕಿಯ ಶಿವರಾಜಪ್ಪ ಹೊಲಕ್ಕೆ ಹೋಗುವಾಗ ಮನೆಗೆ ಹೊರಗಿನಿಂದ ಚಿಲಕ ಹಾಕತೊಡಗಿದ್ದ. ಒಳಗೆ ಹೆಂಡತಿ ಸುಂದರಬಾಯಿ ಇರುತ್ತಿದ್ದಳು. ಓಣಿಯ ಎಷ್ಟೋ ಬಾಣಂತಿಯರನ್ನು ನೋಡಿಕೊಂಡ ಹೆಂಗಸು ಆಕೆ. ಈಗ ತಾನು ಉಂಡದ್ದೇ ಆಕೆಗೆ ನೆನಪಿರುತ್ತಿರಲಿಲ್ಲ. ಕಾಲು ನೆಲಕ್ಕೆ ಅಂಟಿಕೊಂಡಂತೆ ಎಳೆದೆಳೆದು ನಡೆಯುತ್ತಿದ್ದಳು. ಸೀರೆ ಒದ್ದೆಯಾಗುವುದೂ ಸುರುವಾಗಿತ್ತು. ಶಿವರಾಜಪ್ಪನಿಗೆ ನಾಚಿಕೆ, ಅದಕ್ಕಿಂತ ಹೆಚ್ಚು ಸಿಟ್ಟು.

ಪಕ್ಕದ ಮನೆಯ ರೂಬಿ ನರ್ಸ್. ಒಂದು ಬೆಳಿಗ್ಗೆ ಅವನು ಚಿಲಕ ಹಾಕುವುದನ್ನು ಕಂಡು ನಿಂತಳು.

"ಕಾಕಾರ, ಕಾಕಿನ್ನ ಯಾಕ ಕೂಡಿ ಹಾಕ್ತೀರಿ?"

"ಏನ್ ಮಾಡ್ಲೆವ್ವಾ? ಅರವತ್ತೆಂಟು ದಾಟ್ಯಾವ. ವಯಸ್ಸಿಗಿ ದವಾ-ಔಷಧ ಎಲ್ಲದ?"

"ಮೊದ್ಲ ಕಾಲು ಎಳಿಲಿಕತ್ರೇನ್ರಿ? ಆಮ್ಯಾಲ ಮರೆವು ಬಂತೇನ್ರಿ?"

"ಹೌದು, ಮೊದ್ಲ ಕಾಲೇ."

"ತಲ್ಯಾಗ ನೀರು ಜಾಸ್ತಿ ಆದ್ರೂ ಹಿಂಗ ಆಗ್ತದರಿ. ಡಾಕ್ಟರಿಗಿ ತೋರ್ಸಿ, ತಲಿ ಸ್ಕ್ಯಾನ್ ಮಾಡಸ್ರಿ."

"ಫೋಟೋ ತೆಗದ್ರ ನೆನಪು ವಾಪಸ್ ಬರ್ತದೇನು?"

"ಫೋಟೋದಿಂದ ಬರಂಗಿಲ್ರಿ. ಖರೇ ಬ್ಯಾನಿ ಯಾವ್ದು ಅಂತ ತಿಳಿಲಿಕ್ಕ ಅದು ಬೇಕು. ಎಲ್ಲಾ ಮರೆವಿಗೂ ಇಲಾಜ್ ಅದ ಅಂತ ನಾ ಹೇಳಂಗಿಲ್ಲ. ಆದ್ರ ಇಲಾಜ್ ಇರೋ ಬ್ಯಾನಿ ಇದ್ರ? ನೋಡದನ ಬಿಡ್ತೀರೇನು?"

ಶಿವರಾಜಪ್ಪ ಹಾಕಿದ ಚಿಲಕ ತೆಗೆದ.

ಬೀದರಿನಲ್ಲಿ ಡಾಕ್ಟರು ಸುಂದರಬಾಯಿಯನ್ನು ನಡೆಸಿ ನೋಡಿದರು, ಮಾತಾಡಿಸಿದರು, ಎಂ.ಆರ್.ಐ. ಮಾಡಿಸಿದರು. ಮಿದುಳಿನ ನಡುವೆ ನೀರು ಇರುವ ಜಾಗ ಉಬ್ಬಿರುವುದು ಚಿತ್ರದಲ್ಲಿ ಕಂಡಿತು. ಇಷ್ಟು ದಿನ ಬೈದದ್ದೆಲ್ಲ ನೆನಪಾಗಿ ಶಿವರಾಜಪ್ಪ ತಲೆ ತಗ್ಗಿಸಿದ. ಮಿದುಳಿನ ನೀರು ಬೆನ್ನುಮೂಳೆಯೊಳಗೂ ಇಳಿದಿರುತ್ತದೆ; ಮರುದಿನ ಬೆನ್ನಿಗೆ ಸೂಜಿ ಹಾಕಿ ಅದರಲ್ಲಿ ಸ್ವಲ್ಪ ತೆಗೆದು ಆಕೆಯನ್ನು ಮತ್ತೆ ನಡೆಸಿದರು. ಹೆಜ್ಜೆ ಸಲೀಸಾಗಿ ಎದ್ದಿತು! ಅವನು ಬೆಂಚಿನಿಂದ ಎದ್ದೇ ನಿಂತ.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಹೆಚ್ಚಾದ ನೀರು ತಲೆಯಿಂದ ಹೊಟ್ಟೆಗೆ ಇಳಿಯಲೆಂದು ಚರ್ಮದ ಕೆಳಗೆ ಸಣ್ಣ ನಳಿಕೆ ಇಟ್ಟರು.

ಮೂರು ತಿಂಗಳಿಗೆ ಔರಾದಿನಲ್ಲಿ ಶಿವರಾಜಪ್ಪನ ತಂಗಿಯ ಮಗಳ ಮದುವೆ. ಸುಂದರಬಾಯಿ ಯಾರ ಕೈಯನ್ನೂ ಹಿಡಿಯದೆ ಮಂಟಪದೊಳಗೆ ನಡೆದಳು. ಬೀಗರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಮಾತಾಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, "ನಿಂತು ಯಾಕ ಅಳ್ತೀರಿ? ಊಟಕ್ಕ ಕರಿಲಿಕತ್ತಾರ, ನಡೀರಿ" ಎಂದಳು.

ನಿಮ್ಮ ಮನೆಯ ಹಿರಿಯರು ಮರೆಯುತ್ತಿದ್ದಾರೆಯೇ? ಕಾಲು ಎಳೆಯುತ್ತಿದ್ದಾರೆಯೇ? ಬೈಯಬೇಡಿ, ಬಚ್ಚಿಡಬೇಡಿ. ಈ ವಾರವೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಸ್ಕ್ಯಾನ್ ಬೇಕು ಎಂದರೆ ಮಾಡಿಸಿ. ಆ ಯಂತ್ರ ಬಹಳ ಸದ್ದು ಮಾಡುತ್ತದೆ, ಆದರೆ ನೋವಿಲ್ಲ. ಎಷ್ಟು ಬೇಗ ತಿಳಿಯುತ್ತದೋ, ನಿಮ್ಮವರು ನಿಮಗೆ ಮರಳಿ ಸಿಗುವ ಭರವಸೆ ಅಷ್ಟು ಹೆಚ್ಚು.