ಕೊನೆಯ ಪುಟದ ಉತ್ತರ

ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆಯ ಲೆಕ್ಕವನ್ನು ತಂಗಿ ಕೇಳಿದಾಗ ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕ ಸರಸರನೆ ಬಿಡಿಸಿದಳು. ಆದರೆ ಪುಸ್ತಕದ ಕೊನೆಯಲ್ಲಿದ್ದ ಉತ್ತರಕ್ಕೂ ಅವಳದಕ್ಕೂ ತಾಳೆಯಾಗಲಿಲ್ಲ. ಸದ್ದಿಲ್ಲದೆ ಘರ್ಷಣೆಯ ಮುಂದಿದ್ದ ಮೈನಸ್ಸಿಗೆ ಒಂದು ಗೀಟೆಳೆದು ಪ್ಲಸ್ ಮಾಡಿದಳು. ಉತ್ತರ ಸರಿಹೋಯಿತು.

“ಅಕ್ಕಾ, ಘರ್ಷಣೆ ಪೆಟ್ಟಿಗೇನ ತಡೀಬೇಕಲ್ವಾ? ಇಲ್ಲಿ ತಳ್ತಾ ಇದೆಯಲ್ಲ?”

“ಇಂಜಿನಿಯರಿಂಗ್ ಓದ್ತಿರೋದು ನೀನೋ ನಾನೋ? ಸುಮ್ನೆ ಬರ್ಕೋ.”

ತಂಗಿ ಬರೆದುಕೊಂಡಳು.

ಮರುದಿನ ಸಂಜೆ ಬಂದವಳೇ ಚೀಲ ಕೆಳಗಿಟ್ಟಳು. “ಪುಸ್ತಕದಲ್ಲೇ ಉತ್ತರ ತಪ್ಪು ಅಚ್ಚಾಗಿದೆಯಂತೆ. ನಾನು ಬೋರ್ಡ್ ಮೇಲೆ ಬಿಡಿಸಿದ್ದು ನೋಡಿ ಮೇಷ್ಟ್ರು, ‘ಏನಮ್ಮಾ, ಘರ್ಷಣೆಗೆ ಚಕ್ರ ಕಟ್ಟಿದ್ದೀಯಾ?’ ಅಂದ್ರು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ತು. ಯಾರು ಹೇಳ್ಕೊಟ್ಟಿದ್ದು ಅಂತಾನೂ ಕೇಳಿದ್ರು.”

ಅಕ್ಕ ತಟ್ಟನೆ ಕೇಳಿದಳು, “ನೀನೇನಂದೆ?”

“ನಾನೇ ಮಾಡ್ದೆ ಅಂದೆ. ನಿಂಗೂ ಅವ್ರೇ ಪಾಠ ಮಾಡಿದ್ದಲ್ವಾ, ನಿನ್ನ ಹೆಸರು ಯಾಕೆ ಕೆಡಿಸ್ಲಿ?”

ತಾನು ಮೊದಲು ಬಿಡಿಸಿದ್ದೇ ಸರಿಯಿತ್ತು ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತುಬಿಟ್ಟಿತು.

ತಂಗಿ ಮುಂದಿನ ಲೆಕ್ಕ ತೆರೆದಳು. ಏನೋ ನೆನಪಾದವಳಂತೆ ಪುಸ್ತಕದ ಕೊನೆಯ ಪುಟ ತಿರುವಿ ಹಿಡಿದಳು.

“ಮೊದ್ಲು ಉತ್ತರ ನೋಡ್ಕೋತೀಯಾ ಅಕ್ಕಾ?”

ಆ ದನಿಯಲ್ಲಿ ಕೊಂಕು ಕಿಂಚಿತ್ತೂ ಇರಲಿಲ್ಲ. ಅಕ್ಕನಿಗೆ ತಲೆ ಎತ್ತಲಾಗಲಿಲ್ಲ.