ಗುರುಕಿರಣನ ಪಾಟೀಸವಾಲು

ಕೊನೆಯ ವರ್ಷದ ಕಾನೂನು ವಿದ್ಯಾರ್ಥಿಗಳು ನಿಜವಾದ ಕಕ್ಷಿದಾರರ ಜೊತೆ ಕೆಲಸ ಕಲಿಯಲಿ ಅಂತ ನಮ್ಮ ಕಾಲೇಜು ಲಿಂಗರಾಜಪುರದಲ್ಲಿ ಒಂದು ನೆರವು ಕೇಂದ್ರ ತೆರೆದಿದೆ. ನನಗೆ ಸಿಕ್ಕವರು ಭೀಮಬಾಯಿ. ಕಲಬುರಗಿ ಕಡೆಯವರು, ಇಂದಿರಾನಗರದ ಅಪಾರ್ಟ್‌ಮೆಂಟೊಂದರಲ್ಲಿ ಕಸ ಗುಡಿಸುವ ಕೆಲಸ. ಅಲ್ಲಿನ ಸೂಪರ್‌ವೈಸರ್ ಲಿಫ್ಟಿನೊಳಗೆ ಅವರನ್ನು ತಬ್ಬಿ ಹಿಡಿದಿದ್ದ. ಆ ಕೇಸು ವಿಚಾರಣೆಗೆ ಬಂದು, ನಾಳೆ ಅವರು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು ಅನ್ನುವ ದಿನ ಬಂತು. ಬೇರೆ ಯಾರೂ ನೋಡಿರಲಿಲ್ಲ, ಅವರು ಹೇಳದಿದ್ದರೆ ಕೇಸು ಬಿದ್ದ ಹಾಗೆಯೇ.

ಎದುರು ವಕೀಲರ ಪ್ರಶ್ನೆಗೆ ಹೆದರದಂತೆ ಅವರನ್ನು ತಯಾರು ಮಾಡೋಣ ಅಂದರು ಕೇಂದ್ರ ನಡೆಸುವ ನಮ್ಮ ಮಾರಿಯಾ ಮೇಡಂ. ಆ ವಕೀಲನ ಪಾತ್ರ ನನ್ನ ಸಹಪಾಠಿ ಗುರುಕಿರಣನಿಗೆ. ಪುಣ್ಯಾತ್ಮ, ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬಂದಿದ್ದ.

“ಸೂಪರ್‌ವೈಸರ್ ಕೊಟ್ಟ ಟೀ ದಿನಾ ಕುಡೀತಿದ್ರಿ, ಅಲ್ವಾ?”

“ಎಲ್ಲಾರೂ ಕುಡೀತಿದ್ವಿರಿ.”

“ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನಗ್ತಾ ಮಾತಾಡ್ತಿದ್ರಾ?”

“ಹೂಂರಿ.”

“ಮತ್ತೆ ಲಿಫ್ಟಲ್ಲಿ ಯಾಕೆ ಕೂಗ್ಲಿಲ್ಲ? ನಿಮಗೂ ಇಷ್ಟ ಇತ್ತು, ಅದಕ್ಕೇ ತಾನೆ?”

ಭೀಮಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಡಂ “ಸಾಕು” ಅಂದು ಗುರುಕಿರಣನ ಬೆನ್ನು ತಟ್ಟಿದರು.

“ಹೆಂಗಿತ್ತು ಕಣೇ?” ಅಂತ ಅವನು ನನ್ನನ್ನು ಕೇಳಿದ. ಕೆನ್ನೆಗೆ ಬಾರಿಸೋಣ ಅನ್ನುವಷ್ಟು ಸಿಟ್ಟು ಬಂತು. ತಿರುಗಿ ನೋಡಿದರೆ ಭೀಮಬಾಯಿ ಹೊರಟುಹೋಗಿದ್ದರು.

ಸಂಜೆ ಅವರ ಬಾಡಿಗೆ ಕೋಣೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದರು.

“ನಾಳಿಗಿ ನಾ ಬರಂಗಿಲ್ಲವಾ.”

“ಅವ್ನು ನಮ್ ಹುಡುಗ, ಅಮ್ಮ. ಬರೀ ಪ್ರಾಕ್ಟೀಸ್ ಅದು.”

“ಗೊತ್ತದ. ಖರೇ ವಕೀಲನೂ ಅದನ್ನೇ ಕೇಳ್ತಾನಲ್ಲ? ನಮ್ಮ ಮನಿಯವ್ರು ಸಂಗಟ ಬರ್ತಾರ, ಅವ್ರ ಕಿವಿಗಿ ಬೀಳ್ತದ.”

“ಅವ್ರನ್ನ ಹೊರಗೆ ಕೂರಿಸೋಣ. ಜಡ್ಜ್ ಹತ್ರ ಕೇಳ್ಕೊಳ್ಳೋಣ.”

“ಯಾಕ ಹೊರಗ ಕೂಡಿಸಿದ್ರು ಅಂತ ಅದನ್ನೂ ಕೇಳ್ತಾರ. ವಕೀಲ ಒಂದಿನ ಕೇಳಿ ಬಿಡ್ತಾನ. ಇವ್ರು ದಿನಾ ಕೇಳ್ತಾರ.”

ಅಷ್ಟರಲ್ಲಿ ಅವರ ಗಂಡ ಭಗವಂತರಾಯ ಕೆಲಸ ಮುಗಿಸಿ ಬಂದರು.

“ಬರ್ರಿ ಮೇಡಂ. ನಾಳಿಗಿ ಎಷ್ಟೊತ್ತಿಗಿ ಹೋಗೂದು? ಆ ಸೂಳಿಮಗನ ಮಾರಿ ನೋಡ್ಬೇಕಂತ ರಜಾ ಹಾಕೀನಿ.”

ಭೀಮಬಾಯಿಯ ಕೈ ಹಿಟ್ಟಿನ ಮೇಲೆ ಹಾಗೇ ನಿಂತುಬಿಟ್ಟಿತು. ನನ್ನ ಮುಖವನ್ನೇ ನೋಡುತ್ತಿದ್ದರು.

“ನಾಳೆ ಇಲ್ಲ,” ಅಂದೆ. “ಕೇಸ್ ಮುಂದಕ್ಕೆ ಹೋಗಿದೆ.”

ಭಗವಂತರಾಯ ನಂಬಿದರು, ಕೋರ್ಟನ್ನು ಬಾಯಿತುಂಬ ಬೈದರು. ಭೀಮಬಾಯಿ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪಲ್ಯ ಹಾಕಿ ನನ್ನ ಮುಂದಿಟ್ಟರು. ಪೂರ್ತಿ ತಿಂದೆ.