ಹಳೇ ಟಾಯರು ನಂದು

ಬುಲೆಟ್ಟು ಮತ್ತೊಮ್ಮೆ ಕೆಮ್ಮಿ ಸುಮ್ಮನಾಯಿತು. ಗೊಲ್ಲಾಳಪ್ಪ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು, ಅದಕ್ಕೊಂದು ಬೈಗುಳ ಕೊಟ್ಟು, ಇನ್ನೊಂದು ಸಲ ಕಿಕ್ಕು ತುಳಿದ.

“ಹೊತ್ತು ಏರಾಕತ್ತೈತಿ, ಗೊಲ್ಲಾಳಪ್ಪ,” ಎಂದ ಅಮೀನಸಾಬ, ಬಾಗಿಲಲ್ಲಿ ನಿಂತು.

ಒಳಗೆ ಅವನ ತಮ್ಮ ಹುಸೇನಸಾಬ ಬಿಳಿ ಚಾದರದ ಕೆಳಗೆ ಮಲಗಿದ್ದ. ತಿಕೋಟಾದ ಬಸ್‌ಸ್ಟ್ಯಾಂಡಿನ ಎದುರು ಟಾಯರು ಬಿಚ್ಚಿ ಹಾಕುವ ಅಂಗಡಿ ಇಟ್ಟುಕೊಂಡು ತಲೆ ನರೆಸಿಕೊಂಡವನು. ಬೆಳಗಿನ ನಮಾಜಿಗೆಂದು ಎದ್ದು, ಕೈಕಾಲು ತೊಳೆದುಕೊಂಡು, ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಯಾರಿಗೂ ತ್ರಾಸು ಕೊಡದೆ ಹೋದ ಎಂದು ಬಂದವರೆಲ್ಲ ಹೇಳುತ್ತಿದ್ದರು. ಹೆಂಡತಿ ಮಕ್ತುಮಬಿಗೆ ಮಾತ್ರ ಆ ಮಾತು ಸೇರಲಿಲ್ಲ. ಸ್ವಲ್ಪ ತ್ರಾಸು ಕೊಟ್ಟಿದ್ದರೆ ಮಗಳಾದರೂ ಬಂದು ಮುಟ್ಟುತ್ತಿದ್ದಳು.

ಮಗಳು ಶಹಜಾದಿ ಇದ್ದದ್ದು ಕಾಖಂಡಕಿಯಲ್ಲಿ, ಗಂಡನ ಮನೆಯಲ್ಲಿ. ಎಪ್ಪತ್ತಾರನೆಯ ಇಸವಿಯ ಮಳೆ ಆ ವಾರ ಹಿಡಿದದ್ದು ಬಿಟ್ಟಿರಲಿಲ್ಲ. ಬಸ್ಸುಗಳು ಬಬಲೇಶ್ವರದಲ್ಲೇ ತಿರುಗಿ ಬರುತ್ತಿದ್ದವು. ಅಲ್ಲಿಂದ ಮುಂದೆ ಬರೀ ಎರೆಮಣ್ಣಿನ ದಾರಿ. ಯಾರಾದರೂ ನಡೆದು ಹೋಗಿ ಅವಳನ್ನು ಕರೆತರಬೇಕೆಂದರೆ ಸಂಜೆಯಾಗುತ್ತಿತ್ತು. ಅದಕ್ಕೇ ಹುಸೇನಸಾಬನ ಗೆಳೆಯ ಗೊಲ್ಲಾಳಪ್ಪ ಬುಲೆಟ್ಟು ತೆಗೆದಿದ್ದ.

“ಮಧ್ಯಾನದ ಜೋಹರಿನ ನಮಾಜ ಆಗೂತನಾ ಕಾಯ್ತೇನಿ,” ಎಂದ ಅಮೀನಸಾಬ. “ಆಮ್ಯಾಲ ಜನಾಜಾ ಎತ್ತೂದ. ಮಯ್ಯತ ಇಟ್ಕೊಂಡು ಕುಂದ್ರೂದು ನಮ್ಮೊಳಗ ಛಲೋ ಅಲ್ಲ.”

“ಇರಾಕಿ ಒಬ್ಬಾಕಿ ಮಗಳು. ಅಪ್ಪನ ಮಾರಿ ನೋಡಬ್ಯಾಡೇನು ಅಕಿ?” ಒಳಗಿನಿಂದ ಮಕ್ತುಮಬಿಯ ದನಿ ಬಂತು.

ಅಮೀನಸಾಬ ಮತ್ತೊಮ್ಮೆ ಆಕಾಶ ನೋಡಿದ. ಆಡಿದ ಮಾತಿನಿಂದ ಒಂದು ಕೂದಲೆಳೆ ಆಚೀಚೆ ಸರಿಯುವ ಮನುಷ್ಯ ಅವನಲ್ಲ. ತಮ್ಮ ಸತ್ತ ದಿನವೆಂದು ಅದು ಬದಲಾಗುತ್ತದೆಯೇ?

ಅಷ್ಟರಲ್ಲಿ ಬುಲೆಟ್ಟಿಗೆ ಜೀವ ಬಂತು. ಕಾಯಿಪಲ್ಲೆ ಮಾರುವ ಸಕ್ರವ್ವ ಬುಟ್ಟಿಯನ್ನು ಕಟ್ಟೆಯ ಮೇಲೆ ಬಿಟ್ಟು ಓಡಿಬಂದು ಹ್ಯಾಂಡಲ್ ಹಿಡಿದಳು.

“ಯಪ್ಪಾ, ಜ್ವಾಕಿಲೆ ಹೋಗು. ಮತ್ತ ಜಲ್ದಿ ಹೋಗು.”

ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಕೇಳುತ್ತ ಕೂಡಲು ಗೊಲ್ಲಾಳಪ್ಪನಿಗೆ ಪುರುಸೊತ್ತಿರಲಿಲ್ಲ.

*

ಹಿಂದಿನ ಗಾಲಿಯ ಟಾಯರು ಹೋದ ವಾರವಷ್ಟೇ ಬದಲಾಗಿತ್ತು.

ಗೊಲ್ಲಾಳಪ್ಪ ದನದ ದವಾಖಾನೆಯ ಕಂಪೌಂಡರ. ಎಮ್ಮೆ ಈಯಲಾರದೆ ಒದ್ದಾಡಿದರೆ, ಎತ್ತಿನ ಹೊಟ್ಟೆ ಉಬ್ಬಿದರೆ ಸುತ್ತಲಿನ ಹಳ್ಳಿಗಳಿಂದ ಅವನಿಗೇ ಕರೆ. ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಹಳೆಯ ಬುಲೆಟ್ಟೆಂದರೆ ಅವನಿಗೆ ಹೆಂಡತಿಯ ಮುಂದೆ ಹೇಳಲಾಗದಷ್ಟು ಪ್ರೀತಿ. ಅದಕ್ಕೆಂದು ವಿಜಾಪುರದಿಂದ ಒಂದು ಹೊಸ ಟಾಯರು ತಂದಿದ್ದ. ಒತ್ತೊತ್ತಾದ ಸಣ್ಣ ಗೆರೆಗಳು; ನೋಡಿದರೆ ಇಳಕಲ್ ಸೀರೆಯ ಅಂಚಿನ ಹಾಗಿತ್ತು. ಇದನ್ನು ಹಾಕಿಕೊಂಡು ಬೆಂಗಳೂರಿಗೂ ಹೋಗಿಬರಬಹುದೆಂದು ಅಂಗಡಿಯವನು ಹೇಳಿದ್ದನಂತೆ.

ಹುಸೇನಸಾಬ ಅದನ್ನೊಮ್ಮೆ ತಿರುಗಿಸಿ ನೋಡಿದ. ಅವನ ಅಂಗಡಿಯ ಮೂಲೆಯಲ್ಲಿ ಬಕೆಟ್ಟಿನ ತುಂಬ ಎರೆಮಣ್ಣು ಕಲಸಿಟ್ಟಿರುತ್ತಿತ್ತು. ಒಂದು ಮುಷ್ಟಿ ತೆಗೆದು ಗೆರೆಗಳೊಳಗೆ ಒತ್ತಿ ತುಂಬಿದ. ಕಟ್ಟಿಗೆಯ ಸುತ್ತಿಗೆಯಿಂದ ಮೇಲೆ ಹೊಡೆದ. ಮಣ್ಣು ಬೀಳಲಿಲ್ಲ.

“ನೋಡಿದಿ? ನುಂಗಿ ಕುಂತೈತಿ. ಡಾಂಬರ ರಸ್ತಾಕ್ಕ ಬೇಷ್ ಮಾಲು ಇದು. ನೀ ಬೆಂಗಳೂರಿಗೆ ಯಾವಾಗ ಹೊಂಟಿ?”

“ನಾ ಯಾಕ ಹೋಗ್ಲೋ ಮಾರಾಯಾ?”

“ಮತ್ತ? ಕಾಖಂಡಕಿ ಎಮ್ಮಿ ಬೆಂಗಳೂರಾಗ ಈಯ್ತೈತೇನು?”

ಅಟ್ಟದ ಮೇಲಿಂದ ಇನ್ನೊಂದು ಟಾಯರು ಇಳಿಸಿದ. ದಪ್ಪ ದಪ್ಪ ಹಲ್ಲು. ನಡುವೆ ಬೆರಳು ಹೋಗುವಷ್ಟು ಸಂದು. ಚಂದವೇನೂ ಇರಲಿಲ್ಲ. ಅದಕ್ಕೂ ಮಣ್ಣು ತುಂಬಿ ಹೊಡೆದ. ಮಣ್ಣು ಉಂಡೆಯಾಗಿ ನೆಲಕ್ಕೆ ಬಿತ್ತು.

“ಹಿಂದ ಇದು ಇರಲಿ. ಮುಂದಿಂದು ಉದ್ದ ಗೆರಿದು ಐತೆಲ್ಲ, ಅದು ಹಂಗ ಇರಲಿ. ಹ್ಯಾಂಡಲ್ ಹೇಳಿದ್ದ ಕೇಳತೈತಿ ಅದು. ವಿಜಾಪುರದ್ದು ತಿರುಗಿ ಕೊಟ್ಟ ಬಾ.”

ಗೊಲ್ಲಾಳಪ್ಪ ಮುಖ ಗಂಟುಹಾಕಿಕೊಂಡ. ಅವನ ಕಣ್ಣು ಬಿಚ್ಚಿಟ್ಟ ಹಳೆಯ ಟಾಯರಿನ ಮೇಲೆ ಬಿತ್ತು. ಅಂಚಿನಲ್ಲಿ ಹಲ್ಲುಗಳು ಇನ್ನೂ ಗಟ್ಟಿಯಾಗಿದ್ದವು.

“ಇದು ಇನ್ನೊಂದು ಮಳಿಗಾಲ ಬರತಿತ್ತಲ್ಲೋ, ಹುಸೇನ್ಯಾ.”

“ಬರತಿತ್ತು. ನಿನಗ ಬ್ಯಾಡ. ಹಳೇ ಟಾಯರು ನಂದು.”

ಇದು ಅವರಿಬ್ಬರ ನಡುವೆ ಪ್ರತಿಸಲ ಆಗುವ ಜಗಳ. ಪೂರ್ತಿ ಸವೆಯುವ ಮುನ್ನವೇ ಹುಸೇನಸಾಬ ಟಾಯರು ಬಿಚ್ಚಿಸುತ್ತಿದ್ದ, ಹಳೆಯದನ್ನು ಇಟ್ಟುಕೊಳ್ಳುತ್ತಿದ್ದ. ಅಂಗಡಿಯ ಮುಂದೆ ಯಾರಾದರೂ ಬರಿಗಾಲಲ್ಲಿ ಹಾದು ಹೋದರೆ ಕೂಗಿ ಕರೆದು, ಟಾಯರಿನ ತುಂಡಿನ ಮೇಲೆ ಕಾಲಿಡಿಸಿ, ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಚಪ್ಪಲಿ ಕತ್ತರಿಸುತ್ತಿದ್ದ. ಹಿಂದೊಮ್ಮೆ ಸಕ್ರವ್ವ ಬುಟ್ಟಿ ಹೊತ್ತುಕೊಂಡು ಬರುವಾಗ ಅವನ ಕಣ್ಣೆದುರೇ ಕೆಸರಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಅಂದು ಹಿಡಿದ ಹುಚ್ಚು ಅದು. ನುಣ್ಣಗೆ ಸವೆದ ಟಾಯರಿನ ಚಪ್ಪಲಿ ಎರೆಮಣ್ಣಿನಲ್ಲಿ ಜಾರುತ್ತದೆ, ಹಲ್ಲಿದ್ದರೆ ಹಿಡಿಯುತ್ತದೆ. ಅದಕ್ಕೇ ಅವನಿಗೆ ಅಷ್ಟು ಅವಸರ.

“ನನ್ನ ಟಾಯರಿನ ಮ್ಯಾಲ ಅರ್ಧ ತಿಕೋಟಾ ನಡದಾಡಾಕತ್ತೈತಿ,” ಎಂದು ಗೊಲ್ಲಾಳಪ್ಪ ಗೊಣಗಿದ.

“ನಡದಾಡ್ಲಿ ಬಿಡೋ. ನಿನಗೇನು ಭಾರ ಆಗತೈತೇನು?” ಎಂದು ಹುಸೇನಸಾಬ ನಕ್ಕ. ನಗುವಾಗ ಅವನ ಕಿವಿಯಲ್ಲಿ ಸಿಕ್ಕಿಸಿಕೊಂಡ ಬೀಡಿ ಅಲುಗಾಡುತ್ತಿತ್ತು.

*

ಬಬಲೇಶ್ವರ ದಾಟಿದ ಮೇಲೆ ದಾರಿ ಎಂಬುದು ಹೆಸರಿಗೆ ಮಾತ್ರ ಉಳಿಯಿತು. ಸರಕಾರದ ಒಂದು ಜೀಪು ಹೊಟ್ಟೆಯ ತನಕ ಹೂತು ನಿಂತಿತ್ತು. ಅದರ ಡ್ರೈವರು ಬಾನೆಟ್ಟಿನ ಮೇಲೆ ಕುಳಿತು, “ಮುಂದ ಹೋಗಬ್ಯಾಡ್ರಿ, ಸಿಗಬೀಳ್ತೀರಿ,” ಎಂದು ಕೂಗಿದ. ಗೊಲ್ಲಾಳಪ್ಪ ಗೇರು ಇಳಿಸಿ ಪಕ್ಕದಿಂದ ಹಾಯಿಸಿದ. ಹಿಂದಿನ ಗಾಲಿ ಮಣ್ಣು ನುಂಗಿತು, ಉಗುಳಿತು. ಉಂಡೆ ಉಂಡೆಯಾಗಿ ಹಾರಿ ಅವನ ಬೆನ್ನಿಗೇ ಬಡಿಯಿತು. “ಹೊಡಿ ಮಗನ, ಹೊಡಿ,” ಎಂದು ಯಾರಿಗೋ ಹೇಳಿ ಗೊಲ್ಲಾಳಪ್ಪ ಗಟ್ಟಿಯಾಗಿ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿ ದಾರಿ ಮಸುಕಾಯಿತು. ಆ ಮೊಂಡ ಹುಸೇನ್ಯಾನ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡ. ಅದನ್ನು ಅವನಿಗೆ ಹೇಳಬೇಕೆನಿಸಿತು.

ಶಹಜಾದಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೆಸರಿನಲ್ಲಿ ಮಿಂದುಬಂದವನನ್ನು ನೋಡಿ ನಗು ತಡೆಯಲಾಗಲಿಲ್ಲ.

“ಯಾರ ಎಮ್ಮಿ ಕಾಕಾ, ಇಂಥಾ ಮಳ್ಯಾಗ?”

ಗೊಲ್ಲಾಳಪ್ಪ ಬುಲೆಟ್ಟಿನಿಂದ ಇಳಿದು ತಲೆ ತಗ್ಗಿಸಿ ನಿಂತ. ಅವಳ ಕೈಯಲ್ಲಿದ್ದ ಮೊರ ನಿಧಾನವಾಗಿ ಕೆಳಗಿಳಿಯಿತು.

“ನಮ್ಮ ಅಬ್ಬಾ?”

“ಹೂಂ ತಂಗೀ. ಬೆಳಿಗ್ಗೆ. ಜೋಹರಿಗೆ ಎತ್ತತಾರ. ನಿನ್ನ ಕರ್ಯಾಕ ಬಂದೇನಿ.”

ಅವಳು ಅಳಲಿಲ್ಲ. ಒಳಗೆ ಹೋಗಿ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ತಲೆಯ ಮೇಲೆ ಸೆರಗು ಬಿಗಿದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕುಳಿತಳು.

ಊರು ದಾಟಿ ಒಂದು ತಗ್ಗಿಗೆ ಬಂದಾಗ, ಒಬ್ಬನಿದ್ದಾಗ ಹಾದುಹೋಗಿದ್ದ ಬುಲೆಟ್ಟು ಇಬ್ಬರ ಭಾರಕ್ಕೆ ಕುಸಿಯಿತು. ಗೊಲ್ಲಾಳಪ್ಪ ರೇಸು ಕೊಟ್ಟಷ್ಟೂ ಗಾಲಿ ನಿಂತಲ್ಲೇ ತಿರುಗಿ ಗುಂಡಿ ತೋಡಿತು. ಮೋಡದ ಸಂದಿನಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ.

“ರೇಸ್ ಬ್ಯಾಡ ಕಾಕಾ. ಗಾಳಿ ಬಿಡ್ರಿ.”

“ಏನಂದಿ?”

“ಟಾಯರಿಂದು ಗಾಳಿ ಇಳಸ್ರಿ. ಎರಿಯಾಗ ಸಿಗಬಿದ್ರ ಅಬ್ಬಾ ಹಂಗ ಮಾಡತಿದ್ದ. ಟಾಯರ ಅಗಲ ಆಗತೈತಿ, ನೆಲಾ ಹಿಡೀತೈತಿ.”

ಗೊಲ್ಲಾಳಪ್ಪ ನಿಂತೇ ಇದ್ದ. ಶಹಜಾದಿ ತಾನೇ ಕೆಸರಲ್ಲಿ ಕುಳಿತು, ತಲೆಯ ಹೇರ್‌ಪಿನ್ನು ಕಿತ್ತು ವಾಲ್ವಿನೊಳಗೆ ಒತ್ತಿದಳು. ಗಾಳಿ ಸುಯ್ಯೆಂದು ಹೊರಬಂತು. ನಡುನಡುವೆ ಹೆಬ್ಬೆರಳಿನಿಂದ ಟಾಯರು ಒತ್ತಿ ನೋಡಿದಳು. ಸಾಕೆನಿಸಿದಾಗ ಪಿನ್ನು ತೆಗೆದಳು. ಅಂಗೈಯನ್ನು ಮಾತ್ರ ಟಾಯರಿನ ಹಲ್ಲುಗಳ ಮೇಲಿಂದ ತೆಗೆಯಲಿಲ್ಲ.

“ಹೊಸಾದೈತಿ. ಅಬ್ಬಾ ಹಾಕಿದ್ದೇನ್ರಿ?”

“ಹೋದ ವಾರ. ನಾ ಬ್ಯಾರೇದು ತಂದಿದ್ನಿ. ಕೇಳ್ಲಿಲ್ಲ ನಿಮ್ಮಪ್ಪ.”

ಆಗ ಅವಳಿಗೆ ಅಳು ಬಂತು. ಅಳುತ್ತಲೇ ಎದ್ದು ಹಿಂದಿನಿಂದ ನೂಕಿದಳು. ಗಾಲಿ ಒಮ್ಮೆ ಜಾರಿ, ಮಣ್ಣು ಕಚ್ಚಿ ಹಿಡಿದು, ತಗ್ಗಿನಿಂದ ಮೇಲೆ ಬಂತು.

ಇಳಿದ ಗಾಳಿಯಲ್ಲಿ ಕಲ್ಲಿನ ರಸ್ತೆಯ ಮೇಲೆ ಓಡಿಸಿದರೆ ಟ್ಯೂಬು ಉಳಿಯುವುದಿಲ್ಲ. ಬಬಲೇಶ್ವರದಲ್ಲಿ ನಿಲ್ಲಲೇಬೇಕಾಯಿತು. ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಬಂದೇನವಾಜ ಹುಸೇನಸಾಬನ ಕೈಕೆಳಗೆ ಕೆಲಸ ಕಲಿತವನು. ಸುದ್ದಿ ಕೇಳಿ, “ಉಸ್ತಾದ ಹೋದ್ನೇನ್ರಿ?” ಎಂದವನು ಪಂಪು ಒತ್ತುವುದನ್ನು ನಿಲ್ಲಿಸಲಿಲ್ಲ. ಅವನ ಮೂಗಿನ ತುದಿಯಿಂದ ಬೀಳುತ್ತಿದ್ದದ್ದು ಬೆವರೋ ಕಣ್ಣೀರೋ ಗೊಲ್ಲಾಳಪ್ಪ ನೋಡಲು ಹೋಗಲಿಲ್ಲ. ಅಷ್ಟರಲ್ಲಿ ಮಸೀದಿಯಿಂದ ಜೋಹರಿನ ಅಜಾನ್ ಕೇಳಿಸಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

*

ತಿಕೋಟಾದ ಮನೆಯ ಮುಂದೆ ಗಂಡಸರೊಬ್ಬರೂ ಇರಲಿಲ್ಲ. ಮಕ್ತುಮಬಿ ಬಾಗಿಲ ಚೌಕಟ್ಟಿಗೆ ಆತುಕೊಂಡು ಕುಳಿತಿದ್ದಳು. ಮಗಳನ್ನು ಕಂಡು ಎರಡೂ ಕೈ ಎತ್ತಿದಳು.

“ಒಯ್ದ್ರವ್ವಾ. ಆವಾಗನ ಒಯ್ದ್ರು. ನಿಮ್ಮ ದೊಡ್ಡಪ್ಪ ನಮಾಜ ಮುಗಿಸಿ ಒಂದು ಗಳಿಗಿ ನಿಲ್ಲಲಿಲ್ಲ.”

ಶಹಜಾದಿ ಇಳಿಯಲು ಹೋದಳು. “ಕುಂದ್ರು,” ಎಂದ ಗೊಲ್ಲಾಳಪ್ಪ. ಖಬರಸ್ತಾನ ಊರ ಆಚೆ. ಇಷ್ಟು ಹೊತ್ತಿಗೆ ಮಣ್ಣು ಕೂಡ ಕೊಟ್ಟಿರಬಹುದು. ಆದರೂ ಸುಮ್ಮನಿರಲು ಅವನಿಗೆ ಆಗಲಿಲ್ಲ. ಬುಲೆಟ್ಟನ್ನು ಹಿಂದಿನ ಓಣಿಯಿಂದ ತಿರುಗಿಸಿ ಬಸ್‌ಸ್ಟ್ಯಾಂಡಿನ ಕಡೆಗೆ ಹೊಡೆದ. ಮೂಲೆ ತಿರುಗಿದವನೇ ಬ್ರೇಕು ಒತ್ತಿದ.

ಜನಾಜಾ ಇನ್ನೂ ಟಾಯರ ಅಂಗಡಿಯ ಮುಂದೆಯೇ ಇತ್ತು.

ರಸ್ತೆಯ ತುಂಬ ಜನ. ತಿಕೋಟಾದವರು, ಸುತ್ತಲಿನ ಹಳ್ಳಿಯವರು, ಟೊಪ್ಪಿಗೆಯವರು, ರುಮಾಲಿನವರು. ಒಬ್ಬ ಹೆಗಲು ಕೊಟ್ಟು ಒಂದೆರಡು ಹೆಜ್ಜೆ ಇಡುವಷ್ಟರಲ್ಲಿ ಇನ್ನೊಬ್ಬ ಕೆಳಗೆ ನುಗ್ಗುತ್ತಿದ್ದ. ಹೆಗಲು ಬದಲಾಗುವಾಗಲೆಲ್ಲ ಜನಾಜಾ ನಿಲ್ಲುತ್ತಿತ್ತು. ಅಮೀನಸಾಬನ ಜುಬ್ಬಾ ಬೆವರಿನಿಂದ ಮೈಗಂಟಿತ್ತು.

“ಏನ ಮಾಡ್ಲಿ ಗೊಲ್ಲಾಳಪ್ಪ? ನಾ ಜಲ್ದಿ ಜಲ್ದಿ ಅಂತ ಒದರಾಕತ್ತೇನಿ. ಯಾರೂ ಕೇಳವಲ್ರು.”

“ಹೆಂಗ ಕೇಳಬೇಕ್ರಿ ಸಾಹೇಬ್ರ?” ಎಂದ ಜೈನಾಪುರದಿಂದ ಬಂದಿದ್ದ ಖಂಡಪ್ಪ, ಗುಂಪಿನ ನಡುವೆ ದಾರಿ ಮಾಡಿಕೊಳ್ಳುತ್ತ. “ಅವ ಕೊಟ್ಟ ಚಪ್ಪಲ ಮೆಟ್ಟಿಕೊಂಡು ಇಲ್ಲೀತನಾ ನಡದು ಬಂದೇನಿ. ಹೆಗಲ ಕೊಡದ ಹೋಗ್ಲೇನು? ನನಗಿನ್ನಾ ಪಾಳಿನ ಬಂದಿಲ್ಲ.”

ಶಹಜಾದಿ ಬುಲೆಟ್ಟಿನಿಂದ ಇಳಿದು ನಿಂತಳು. ಸೀರೆ, ಕೈ, ಮುಖ ಎಲ್ಲಾ ಕೆಸರು. ಅಮೀನಸಾಬ ಅವಳನ್ನು ನೋಡಿದ. ಎಂದೂ ಮಾತು ಬದಲಿಸದ ಮನುಷ್ಯ ಕೈ ಎತ್ತಿ ಹೇಳಿದ:

“ಇಳಸ್ರಿ.”

ಅಂಗಡಿಯ ಕಟ್ಟೆಯ ಮೇಲೆ ಜನಾಜಾ ಇಳಿಸಿದರು. ಅಮೀನಸಾಬನೇ ಕಫನ್ ಬಟ್ಟೆಯ ಗಂಟು ಸಡಿಲಿಸಿ ಮುಖ ತೆರೆದ. ಸಕ್ರವ್ವ ತನ್ನ ಸೆರಗಿನಿಂದ ಶಹಜಾದಿಯ ಕಣ್ಣ ಸುತ್ತಲಿನ ಕೆಸರು ಒರೆಸಿದಳು. ಶಹಜಾದಿ ಬಗ್ಗಿ ನೋಡಿದಳು.

“ಬಂದು ಮುಟ್ಟೀನಿ ಅಬ್ಬಾ,” ಎಂದಳು. “ನೀ ಹಾಕಿದ ಟಾಯರಿನ ಮ್ಯಾಲನ ಬಂದೇನಿ.”

ನಿಲ್ಲಲಾಗದೆ ಗೊಲ್ಲಾಳಪ್ಪ ಅಂಗಡಿಯ ಕಡೆ ತಿರುಗಿದ. ಹೋದ ವಾರ ಬಿಚ್ಚಿದ ಅವನ ಹಳೆಯ ಟಾಯರು ಗೋಡೆಗೆ ಆನಿಸಿಟ್ಟಿತ್ತು. ಅದರ ಅರ್ಧ ಆಗಲೇ ಖಾಲಿಯಾಗಿತ್ತು. ಅಂಗಾಲಿನ ಆಕಾರದಲ್ಲಿ ಹುಸೇನಸಾಬ ಕತ್ತರಿಸಿ ತೆಗೆದಿದ್ದ.

ಮುಖ ಮುಚ್ಚಿ ಜನಾಜಾ ಮತ್ತೆ ಎತ್ತಿದಾಗ ಮುಂದಿನ ಹೆಗಲು ಅಮೀನಸಾಬನದು. ಗೊಲ್ಲಾಳಪ್ಪ ಬುಲೆಟ್ಟನ್ನು ಅಲ್ಲೇ ಬಿಟ್ಟು ಇನ್ನೊಂದು ಕಡೆ ಹೆಗಲು ಕೊಟ್ಟ. ಅವನನ್ನು ಯಾರೂ ಪಾಳಿ ಕೇಳಲಿಲ್ಲ.

ಗಂಡಸರು ಮುಂದೆ ಹೋದರು. ಶಹಜಾದಿ ಸಕ್ರವ್ವನ ಕೈಹಿಡಿದು ಮನೆಯ ಕಡೆ ತಿರುಗಿದಳು, ತಾಯಿಯನ್ನು ಅಪ್ಪಿಕೊಳ್ಳಲು. ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು.

ಮನೆಯಿಂದ ಅಂಗಡಿಯವರೆಗಿನ ದಾರಿಯ ಹಸಿಮಣ್ಣಿನಲ್ಲಿ ಅಪ್ಪನನ್ನು ಹೊತ್ತು ತಂದವರ ಹೆಜ್ಜೆಗಳು ಮೂಡಿದ್ದವು. ಒಂದರಲ್ಲಿ ಉದ್ದ ಗೆರೆ, ಇನ್ನೊಂದರಲ್ಲಿ ದಪ್ಪ ಹಲ್ಲು, ಮತ್ತೊಂದರಲ್ಲಿ ಅರ್ಧ ಸವೆದ ನಕ್ಷೆ. ದೊಡ್ಡ ಕಾಲು, ಸಣ್ಣ ಕಾಲು, ಒಂದರ ಪಕ್ಕ ಒಂದು. ಎಲ್ಲವೂ ಟಾಯರಿನ ಗುರುತು.

“ಬಾ ಯವ್ವಾ,” ಎಂದಳು ಸಕ್ರವ್ವ.

ಶಹಜಾದಿ ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಗುರುತುಗಳ ಮೇಲೆ ಕಾಲು ಬೀಳದ ಹಾಗೆ, ದಾರಿಯ ಅಂಚಿನ ಹುಲ್ಲಿನ ಮೇಲೆ ನಡೆಯತೊಡಗಿದಳು.